ಮೂರಕ್ಷರದ ಕಣಿವೆ

ಮಳೆ ಹಿಡಿದ ಒಂದು ಸಂಜೆ ಅಕ್ಕನ ಮಗಳ ಜೊತೆ ಸ್ಕ್ರ್ಯಾಬಲ್ ಆಡುತ್ತಿದ್ದೆ. ನನ್ನ ಮುಂದಿದ್ದ ಏಳು ಬಿಲ್ಲೆಗಳಲ್ಲಿ ಒಂದೂ ಸ್ವರ ಇರಲಿಲ್ಲ. ಆ ಸಂಕಟ ಆಡುವವರಿಗೇ ಗೊತ್ತು. ಇದ್ದವುಗಳಲ್ಲಿ ಸಿ, ಡಬ್ಲ್ಯು, ಎಂ ಈ ಮೂರನ್ನು ಸಾಲಾಗಿ ಇಟ್ಟೆ. ಮೂರು, ನಾಲ್ಕು, ಮೂರು, ಒಟ್ಟು 10 ಅಂಕ. ಒಂದು ಬಿಲ್ಲೆ ಕೆಂಪು ಮನೆಯ ಮೇಲೆ ಕೂತದ್ದರಿಂದ 30 ಆಯಿತು.

"ಮಾಮ, ಸ್ವರವೇ ಇಲ್ವಲ್ಲ, ಇದೂ ಒಂದು ಪದಾನಾ?" ಅಂದಳು. ಆಟದ ಪದಪಟ್ಟಿ ತೆಗೆದು ತೋರಿಸಿದೆ. "ಸರಿ, ಹಾಗಂದ್ರೆ ಏನು?" ಎಂದು ಕೇಳಿದಳು. ಪಟ್ಟಿಯಲ್ಲಿ ಅರ್ಥ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ವರ್ಷಗಟ್ಟಲೆ ನನ್ನನ್ನು ಸೋಲಿನಿಂದ ಕಾಪಾಡಿದ ಪದದ ಊರು ಯಾವುದು, ಉಚ್ಚಾರ ಹೇಗೆ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲವಲ್ಲ ಎಂದು ಆ ರಾತ್ರಿ ನಿಜವಾಗಿಯೂ ನೋವಾಯಿತು.

ಆಟಕ್ಕೆ ಅರ್ಥ ಬೇಕಿಲ್ಲ, ಅದು ಖರೆ. ಇದನ್ನು ಕಟ್ಟಿದವರು ಆಲ್ಫ್ರೆಡ್ ಬಟ್ಸ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ವಾಸ್ತುಶಿಲ್ಪಿ. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಅವರು ಬಿಲ್ಲೆಗಳ ಲೆಕ್ಕ ಹಾಕಿದರು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪಟ್ಟ ಗೆದ್ದರು. ಆ ನೆನಪಿನ ಶಕ್ತಿಗೆ ಕೈಮುಗಿಯುತ್ತೇನೆ. ಆದರೂ ಅರ್ಥ ಗೊತ್ತಿಲ್ಲದ ಪದ ಮನೆಯಲ್ಲಿ ಉಂಡು ಹೋದ ಅಪರಿಚಿತನಂತೆ ಕಾಡುತ್ತದೆ.

ಈ ಪದದ ಊರು ವೇಲ್ಸ್. ಅಲ್ಲಿಯವರ ಬಾಯಲ್ಲಿ ಅದು 'ಕುಮ್', ಇಂಗ್ಲಿಷರು ಎಳೆದು 'ಕೂಮ್' ಎನ್ನುತ್ತಾರೆ. ಅಂದಮೇಲೆ ಸ್ವರವಿಲ್ಲದ ಪದವೆಂಬ ಮಾತೇ ತಪ್ಪು. ವೆಲ್ಷ್ ಭಾಷೆಯಲ್ಲಿ ಡಬ್ಲ್ಯು ಒಮ್ಮೆ ವ್ಯಂಜನ, ಒಮ್ಮೆ ಉಕಾರ. ಕನ್ನಡ ಶಾಲೆಯಲ್ಲಿ ಸಂಧಿ ಕಲಿತವರಿಗೆ ಇದು ಅಚ್ಚರಿಯಾಗಬೇಕಿಲ್ಲ. ಮನು, ಅಂತರ ಸೇರಿ ಮನ್ವಂತರವಾಗುವಾಗ ಉಕಾರದ ಜಾಗದಲ್ಲಿ ವಕಾರ ಬಂದು ಕೂರುತ್ತದೆ. ಹಸು ಎಂಬುದು ಹಸುವನ್ನು ಎಂದಾಗುವಾಗಲೂ ಆ ವಕಾರ ಉಕಾರದ ಬೆನ್ನಿಗೇ ಬರುತ್ತದೆ. ಡಬ್ಲ್ಯು ಎಂಬ ಹೆಸರಿನ ಅರ್ಥವಂತೂ 'ಜೋಡಿ ಯು'. ಹೆಸರಲ್ಲೇ ಸ್ವರ ಹೊತ್ತ ಅಕ್ಷರವನ್ನು ನಾನು ಇಷ್ಟು ದಿನ ಬರೀ ವ್ಯಂಜನವೆಂದು ಎಣಿಸಿದ್ದೆ. ಆರು ತಂತಿಯ ಹಳೆಯ ವೆಲ್ಷ್ ವಾದ್ಯ 'ಕ್ರೂಥ್' ಕೂಡ ಹೀಗೆಯೇ, ಐದಕ್ಷರದಲ್ಲಿ ಸ್ವರ ಡಬ್ಲ್ಯು ಒಂದೇ.

ಕುಮ್ ಎಂದರೆ ವೆಲ್ಷ್‌ನಲ್ಲಿ ಕಣಿವೆ. ಇಂಗ್ಲೆಂಡಿನ ಡೆವನ್ ಕಡೆ ಎಷ್ಟೋ ಊರುಗಳ ಹೆಸರಿನ ಕೊನೆಗೆ ಬರುವ 'ಕೂಂಬ್' ಇದರದೇ ನೆಂಟ. ಶತಮಾನಗಳ ಹಿಂದೆ ಆ ದ್ವೀಪದ ಹಳೆಯ ನುಡಿಯಿಂದ ಇಂಗ್ಲಿಷಿಗೆ ಬಂದು, ಇಂಗ್ಲಿಷ್ ವೇಷ ತೊಟ್ಟದ್ದು ಅದು. ಎರಡನೇ ಸಲ ಬೆಟ್ಟ ಹತ್ತುವವರ, ಭೂವಿಜ್ಞಾನಿಗಳ ಜೊತೆ ಬಂದಾಗ ಪದ ತನ್ನ ಬಟ್ಟೆಯಲ್ಲೇ ಬಂತು. ಅರ್ಥ ಮಾತ್ರ ಕಿರಿದಾಯಿತು: ಹಿಮನದಿ ಕೊರೆದು ಹೋದ ಬೋಗುಣಿ, ಮೂರು ಕಡೆ ಕಡಿದಾದ ಬಂಡೆಗೋಡೆ, ಒಂದು ಕಡೆ ತೆರೆದ ಬಾಯಿ. ಹುಡುಗಿಗೆ ಎರಡು ಅಂಗೈ ಜೋಡಿಸಿ ಬೊಗಸೆ ಮಾಡಿ ತೋರಿಸಿದೆ. ತಕ್ಷಣ ತಿಳಿಯಿತು.

ಈ ಬೊಗಸೆಯೊಳಗೆ ಡಾರ್ವಿನ್ ಕೂಡ ಎಡವಿದ್ದಾರೆ. 1831ರ ಆಗಸ್ಟಿನಲ್ಲಿ, 22ರ ಹರೆಯದಲ್ಲಿ, ಗುರು ಆಡಂ ಸೆಜ್ವಿಕ್ ಜೊತೆ ಉತ್ತರ ವೇಲ್ಸ್‌ನ ಕುಮ್ ಇಡ್ವಲ್‌ಗೆ ಹೋದರು. ಗಂಟೆಗಟ್ಟಲೆ ಕಲ್ಲು ತಡವಿ ಪಳೆಯುಳಿಕೆ ಹುಡುಕಿದರು. ಹಿಮ ಗೀರಿದ ಬಂಡೆಗಳು, ಎತ್ತಿ ಕೂರಿಸಿದಂತಿರುವ ಒಂಟಿ ಗುಂಡುಗಳು, ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬಗಳು ಸುತ್ತಲೂ ಇದ್ದವು. ಒಂದೂ ಕಾಣಲಿಲ್ಲ. ಯುರೋಪನ್ನು ಹಿಂದೊಮ್ಮೆ ಹಿಮ ಮುಚ್ಚಿತ್ತೆಂದು ಲೂಯಿ ಅಗಾಸಿಜ್ 1840ರಲ್ಲಿ ಪುಸ್ತಕ ಬರೆದರು. 1842ರಲ್ಲಿ ಡಾರ್ವಿನ್ ಮತ್ತೆ ಅದೇ ಜಾಗಕ್ಕೆ ಬಂದಾಗ ಎಲ್ಲವೂ ಕಂಡಿತು. ಮೊದಲ ಸಲ ಇದನ್ನೆಲ್ಲ ಹೇಗೆ ಬಿಟ್ಟೆವೆಂದು ಅವರು ಮುಂದೆ ತಮ್ಮ ಆತ್ಮಕಥೆಯಲ್ಲಿ ಬೆರಗಾಗಿ ಬರೆದುಕೊಂಡಿದ್ದಾರೆ.

ಪದ ಹಿಮಾಲಯಕ್ಕೂ ಹತ್ತಿತು. 1921ರಲ್ಲಿ ಎವರೆಸ್ಟ್ ದಾರಿ ಹುಡುಕುತ್ತಿದ್ದ ಜಾರ್ಜ್ ಮ್ಯಾಲರಿ ಎವರೆಸ್ಟ್, ಲೋತ್ಸೆ, ನುಪ್ತ್ಸೆಗಳ ನಡುವಿನ ಹಿಮಕಣಿವೆಯನ್ನು ದೂರದಿಂದ ಕಂಡು 'ವೆಸ್ಟರ್ನ್ ಕೂಮ್' ಎಂದು ಹೆಸರಿಟ್ಟರು. ವೇಲ್ಸ್‌ನ ಬಂಡೆಗಳ ಮೇಲೆ ಹತ್ತಿ ಬೆಳೆದ ಕೈ ಅವರದು. ಹೆಸರಿಟ್ಟ ಕಣಿವೆಗೆ ಕಾಲಿಡುವುದು ಅವರಿಗೆ ಆಗಲಿಲ್ಲ. 1953ರಲ್ಲಿ ತೇನ್ಸಿಂಗ್, ಹಿಲರಿ ಅದನ್ನು ದಾಟಿಯೇ ಶಿಖರ ಸೇರಿದರು. ಅವರಿಗೆ ಮೂರು ದಿನ ಮೊದಲು ದಕ್ಷಿಣ ಶಿಖರದವರೆಗೆ ಹೋಗಿ ಮರಳಿದ ಇಬ್ಬರಲ್ಲಿ ಒಬ್ಬರು ಚಾರ್ಲ್ಸ್ ಇವಾನ್ಸ್, ವೆಲ್ಷ್ ಮಾತಾಡಿ ಬೆಳೆದವರು. ಅಷ್ಟು ಎತ್ತರದಲ್ಲಿ ತನ್ನ ಮನೆಮಾತಿನ ಪದದೊಳಗೆ ನಡೆಯುವಾಗ ಅವರಿಗೆ ಏನನ್ನಿಸಿರಬಹುದು ಎಂದು ಯೋಚಿಸುತ್ತೇನೆ.

ಈ ಹುಡುಕಾಟದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮರದ ಬಿಲ್ಲೆ. 19ನೇ ಶತಮಾನದ ವೇಲ್ಸ್‌ನ ಎಷ್ಟೋ ಶಾಲೆಗಳಲ್ಲಿ ಮಗು ವೆಲ್ಷ್ ಮಾತಾಡಿದರೆ ಕೊರಳಿಗೆ ಮರದ ತುಂಡು ತೂಗುಹಾಕುತ್ತಿದ್ದರು. 'ವೆಲ್ಷ್ ನಾಟ್' ಎಂದು ಅದರ ಹೆಸರು. ಕೆಲವದರ ಮೇಲೆ ಡಬ್ಲ್ಯು, ಎನ್ ಎಂಬ ಎರಡೇ ಅಕ್ಷರ ಕೊರೆದಿರುತ್ತಿತ್ತು. ಮತ್ತೊಂದು ಮಗು ಸಿಕ್ಕಿಬಿದ್ದರೆ ತುಂಡು ಆ ಕೊರಳಿಗೆ ದಾಟುತ್ತಿತ್ತು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಆ ಮಗುವಿಗೆ ಏಟು. ಅದನ್ನು ಓದಿದ ಮೇಲೆ ನನ್ನ ಕೈಯಲ್ಲಿನ ಡಬ್ಲ್ಯು ಬಿಲ್ಲೆಯನ್ನು ಮೊದಲಿನಂತೆ ಹಿಡಿಯಲಾಗಲಿಲ್ಲ.

ಭಾಷೆ ಉಳಿದಿದೆ. 2021ರ ಗಣತಿಯಂತೆ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. ಅವರ ಭಾಷೆಯಲ್ಲೇ ಆಡುವ ಸ್ಕ್ರ್ಯಾಬಲ್ ಪೆಟ್ಟಿಗೆಯೂ ಇದೆ. ಜೋಡಿ ಡಿ, ಜೋಡಿ ಎಲ್ ಅಲ್ಲಿ ಒಂದೊಂದೇ ಬಿಲ್ಲೆ. ಇಂಗ್ಲಿಷ್ ಪೆಟ್ಟಿಗೆಯಲ್ಲಿ ನಾಲ್ಕು ಅಂಕದ ಡಬ್ಲ್ಯುಗೆ ಅಲ್ಲಿ ಒಂದೇ ಅಂಕ. ಆ ಬೋರ್ಡಿನ ಮೇಲೆ ಕುಮ್ ಎಂದು ಇಟ್ಟರೆ ಎದುರು ಕೂತವರು ಅರ್ಥ ಕೇಳುವುದಿಲ್ಲ.