ಗೋಡೆಯ ಮೇಲಿನ ಕ್ರೀಡಾಪಟು

ಇತಿಹಾಸದ ಆಧಾರಗಳು ಎಂದೊಡನೆ ನಿಮಗೆ ಶಾಸನ, ನಾಣ್ಯ, ತಾಳೆಗರಿಗಳು ನೆನಪಾಗುತ್ತವೆ. ಕೆಲವು ವಾರ ಗೋಡೆಯ ಮೇಲಿದ್ದು ಮಳೆಗೆ ಹರಿದುಹೋಗುವ ಭಿತ್ತಿಪತ್ರವೂ ಅಂಥದೇ ಆಧಾರವಾಗಬಲ್ಲದು. 1930ರ ದಶಕದ ಕ್ರೀಡಾ ಭಿತ್ತಿಪತ್ರಗಳನ್ನು ಈ ದೃಷ್ಟಿಯಿಂದ ನೋಡೋಣ.

ಮೊದಲು ಅವುಗಳ ಶೈಲಿ. 1925ರಲ್ಲಿ ಪ್ಯಾರಿಸ್ಸಿನಲ್ಲಿ ಅಲಂಕಾರ ಕಲೆಗಳ ಅಂತರರಾಷ್ಟ್ರೀಯ ಪ್ರದರ್ಶನವೊಂದು ನಡೆಯಿತು. ಅದರ ಫ್ರೆಂಚ್ ಹೆಸರಿನಿಂದಲೇ ‘ಆರ್ಟ್ ಡೆಕೊ’ ಎಂಬ ಮಾತು ಹುಟ್ಟಿ, 1960ರ ದಶಕದಲ್ಲಿ ಬಳಕೆಗೆ ಬಂತು. ಜ್ಯಾಮಿತಿಯ ಆಕಾರ, ಗಾಢ ಬಣ್ಣ, ದಪ್ಪ ಅಕ್ಷರ, ವೇಗದ ಭಾವ ಇದರ ಲಕ್ಷಣಗಳು. 1930ರಲ್ಲಿ ಉರುಗ್ವೆಯಲ್ಲಿ ನಡೆದ ಮೊದಲ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಗೆ ಗಿಲ್ಯೆರ್ಮೊ ಲಬೋರ್ಡೆ ಬಿಡಿಸಿದ ಚಿತ್ರದಲ್ಲಿ ಗೋಲ್‌ಕೀಪರ್ ಒಬ್ಬ ಮೇಲಿನ ಮೂಲೆಗೆ ಚಾಚಿ ಚೆಂಡು ತಡೆಯುತ್ತಾನೆ. ಆತ ಇಂಥವನೇ ಎಂಬ ಗುರುತಿಲ್ಲ; ಆತ ಬರೀ ಒಂದು ದೇಹ, ಒಂದು ಚಲನೆ. ಆ ವರ್ಷ ಉರುಗ್ವೆ ತನ್ನ ಮೊದಲ ಸಂವಿಧಾನದ ಶತಮಾನೋತ್ಸವ ಆಚರಿಸುತ್ತಿತ್ತು. ಹಾಗಾಗಿ ಆ ಹಾರಾಟ ಪುಟ್ಟ ದೇಶವೊಂದರ ಆತ್ಮವಿಶ್ವಾಸವೂ ಆಗಿತ್ತು.

ಆದರೆ ಇಲ್ಲೇ ಒಂದು ಅಪಾಯವೂ ಇದೆ. ಹೆಸರಿಲ್ಲದ ಸುಂದರ ದೇಹಕ್ಕೆ ಯಾರು ಬೇಕಾದರೂ ತಮ್ಮ ಅರ್ಥ ತುಂಬಬಹುದು.

1936ರ ಬರ್ಲಿನ್ ಒಲಿಂಪಿಕ್ಸ್‌ನ ಭಿತ್ತಿಪತ್ರ ನೋಡಿ. ಅದರ ಕಲಾವಿದ ಫ್ರಾನ್ಜ್ ವ್ಯೂರ್ಬೆಲ್. ಬ್ರಾಂಡೆನ್‌ಬರ್ಗ್ ಮಹಾದ್ವಾರದ ನಾಲ್ಕು ಕುದುರೆಗಳ ರಥ. ಅದರ ಹಿಂದೆ ಆಕಾಶದೆತ್ತರಕ್ಕೆ ನಿಂತ, ತಲೆಗೆ ಎಲೆಗಳ ಕಿರೀಟ ಧರಿಸಿದ ವಿಜಯಿ. ಚಿತ್ರದಲ್ಲಿ ನಾಜಿಗಳ ಸ್ವಸ್ತಿಕ ಚಿಹ್ನೆ ಇಲ್ಲ. ಪ್ರಾಚೀನ ಗ್ರೀಸಿನ ಗಾಂಭೀರ್ಯವೇ ಎದ್ದು ಕಾಣುತ್ತದೆ. ಹಿಂದಿನ ವರ್ಷವಷ್ಟೇ, 1935ರ ಸೆಪ್ಟೆಂಬರಿನಲ್ಲಿ, ನ್ಯೂರೆಂಬರ್ಗ್ ಕಾನೂನುಗಳು ಜರ್ಮನಿಯ ಯಹೂದಿಗಳಿಂದ ಪೌರತ್ವವನ್ನು ಕಸಿದುಕೊಂಡಿದ್ದವು. ಕ್ರೀಡಾಕೂಟದ ಹೊತ್ತಿಗೆ ಯಹೂದಿ ವಿರೋಧಿ ಫಲಕಗಳನ್ನು ಬೀದಿಗಳಿಂದ ತಾತ್ಕಾಲಿಕವಾಗಿ ತೆಗೆಯಲಾಯಿತು. ಎತ್ತರ ಜಿಗಿತದಲ್ಲಿ 1.60 ಮೀಟರ್ ದಾಟಿ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಿದ್ದ ಗ್ರೆಟೆಲ್ ಬರ್ಗ್‌ಮನ್ ಯಹೂದಿ ಎಂಬ ಕಾರಣಕ್ಕೆ ತಂಡದಿಂದ ಹೊರಬಿದ್ದಳು. ಅತಿಥಿಗಳ ಕಣ್ಣಿಗೆ ಬೀಳಬಾರದ್ದನ್ನು ಮರೆಮಾಡುವ ಪರದೆಯಾಗಿತ್ತು ಆ ಭಿತ್ತಿಪತ್ರ.

ಅದೇ ಬೇಸಿಗೆಯಲ್ಲಿ ಬರ್ಲಿನ್ನಿಗೆ ಉತ್ತರವಾಗಿ ಸ್ಪೇನಿನ ಬಾರ್ಸಿಲೋನಾದಲ್ಲಿ ‘ಜನತಾ ಒಲಿಂಪಿಯಾಡ್’ ಏರ್ಪಾಡಾಗಿತ್ತು. ಅದರ ಭಿತ್ತಿಪತ್ರದಲ್ಲಿ ಒಬ್ಬನೇ ಮಹಾವಿಜಯಿ ಇರಲಿಲ್ಲ. ಬೇರೆ ಬೇರೆ ಮೈಬಣ್ಣದ ಮೂವರು ಒಟ್ಟಾಗಿ ನಿಂತಿದ್ದರು. ಜುಲೈ 19ರಂದು ಉದ್ಘಾಟನೆ ನಡೆಯಬೇಕಿತ್ತು. ಎರಡು ದಿನ ಮೊದಲೇ ಸೇನೆ ದಂಗೆಯೆದ್ದಿತು, ಅಂತರ್ಯುದ್ಧ ಆರಂಭವಾಯಿತು. ಕೂಟ ನಡೆಯಲೇ ಇಲ್ಲ. ಆಡಲು ಬಂದ ಕೆಲವರು ಅಲ್ಲೇ ಉಳಿದು ಗಣರಾಜ್ಯದ ಪರವಾಗಿ ಬಂದೂಕು ಹಿಡಿದರು.

ಬರ್ಲಿನ್ನಿನಲ್ಲಿ ಭಾರತದ ತಂಡವೂ ಇತ್ತು. ಆಗಸ್ಟ್ 15ರ ಹಾಕಿ ಫೈನಲ್‌ನಲ್ಲಿ ಧ್ಯಾನ್‌ಚಂದ್ ನಾಯಕತ್ವದ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿತು. ಕಣದಲ್ಲಿ ಅದು ಬ್ರಿಟಿಷ್ ಭಾರತದ ತಂಡ. ಆದರೆ ಆಟಕ್ಕೆ ಮುನ್ನ ಉಡುಪಿನ ಕೋಣೆಯಲ್ಲಿ ಆಟಗಾರರು ವಂದಿಸಿದ್ದು ಕಾಂಗ್ರೆಸ್ಸಿನ ತ್ರಿವರ್ಣ ಧ್ವಜಕ್ಕೆ. ಆ ದೃಶ್ಯಕ್ಕೆ ಭಿತ್ತಿಪತ್ರವಿರಲಿಲ್ಲ.

ಕೊನೆಯದಾಗಿ, ಫಿನ್ಲೆಂಡಿನ ಇಲ್ಮಾರಿ ಸೂಸಿಮೆತ್ಸಾ ರಚಿಸಿದ ಚಿತ್ರ. ಭೂಗೋಳದ ಮುಂದೆ ಓಟಗಾರ ಪಾವೊ ನುರ್ಮಿಯ ಪ್ರತಿಮೆ. 1940ರ ಒಲಿಂಪಿಕ್ಸ್ ಟೋಕಿಯೋಗೆ ನಿಗದಿಯಾಗಿತ್ತು. ಚೀನಾದೊಡನೆ ಯುದ್ಧದಲ್ಲಿದ್ದ ಜಪಾನ್ 1938ರಲ್ಲಿ ಹಿಂದೆ ಸರಿಯಿತು. ಕೂಟ ಹೆಲ್ಸಿಂಕಿಯ ಪಾಲಿಗೆ ಬಂದು, ಎರಡನೇ ಮಹಾಯುದ್ಧದಿಂದಾಗಿ ರದ್ದಾಯಿತು. ಅದೇ ಚಿತ್ರ ದಿನಾಂಕ ಬದಲಿಸಿಕೊಂಡು 1952ರಲ್ಲಿ ಮತ್ತೆ ಗೋಡೆಗೇರಿತು. ಓಟಗಾರ ಹಾಗೆಯೇ ಓಡುತ್ತಿದ್ದಾನೆ. ನಡುವಿನ ಹನ್ನೆರಡು ವರ್ಷಗಳಲ್ಲಿ ಕೋಟ್ಯಂತರ ಜನ ಸತ್ತಿದ್ದರು. ಫಿನ್ಲೆಂಡ್ ತನ್ನ ಪೂರ್ವದ ನಾಡನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತ್ತು.

ಮುಂದೆ ನೀವು ಯಾವುದೇ ಕ್ರೀಡಾಕೂಟದ ಭಿತ್ತಿಪತ್ರ ಕಂಡಾಗ ಅದರ ಅಂದವನ್ನು ಧಾರಾಳವಾಗಿ ಮೆಚ್ಚಿರಿ. ಜೊತೆಗೆ ಮೂರು ಪ್ರಶ್ನೆ ಕೇಳಿರಿ: ಇದನ್ನು ಅಚ್ಚು ಹಾಕಿಸಿದವರು ಯಾರು? ಯಾರು ನೋಡಲೆಂದು ಹಾಕಿಸಿದರು? ಇದರಲ್ಲಿ ಇಲ್ಲದವರು ಯಾರು? ಮೂರನೆಯ ಪ್ರಶ್ನೆಗೆ ಉತ್ತರ ಚಿತ್ರದೊಳಗೆ ಸಿಗುವುದಿಲ್ಲ. ಅದನ್ನು ಹುಡುಕುವುದೇ ಇತಿಹಾಸದ ವಿದ್ಯಾರ್ಥಿಯ ಕೆಲಸ.