ಸೀಮೆಯ ಕೋಸು ನಮ್ಮಲ್ಲಿ ಬೀಜ ಬಿಡಲಿಲ್ಲ

ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಹೊರದೇಶದಿಂದ ಬಂದದ್ದಕ್ಕೆಲ್ಲ ನಮ್ಮ ಹಿರಿಯರು ಸೀಮೆ ಅಂತ ಸೇರಿಸಿಬಿಡುತ್ತಿದ್ದರು. ಸೀಮೆ ಬದನೆಕಾಯಿಯ ಕಥೆಯೂ ಅದೇ. ಅದರ ತವರು ಮೆಕ್ಸಿಕೊ ಕಡೆ. ಬೆಂಗಳೂರಿಗೆ ತಂದವರು ಜಾನ್ ಕ್ಯಾಮರಾನ್, 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡವರು. ತಮಾಷೆ ನೋಡಿ, ನಮಗೆ ಸೀಮೆಯದಾದ ಈ ಕಾಯಿ ತೆಲುಗರಿಗೆ 'ಬೆಂಗಳೂರು ವಂಕಾಯ', ತಮಿಳರಿಗೆ 'ಬೆಂಗಳೂರು ಕತ್ತರಿಕಾಯಿ'!

ಅದಕ್ಕೂ ಮೊದಲೇ, 1809ರಲ್ಲಿ ಬೆಂಗಳೂರಿಗೆ ಬ್ರಿಟಿಷರ ದಂಡು ಬಂದಿತ್ತು. ಬಿಳಿಯರಿಗೆ ತಮ್ಮೂರಿನ ತರಕಾರಿ ಬೇಕು: ಎಲೆಕೋಸು, ಕ್ಯಾರೆಟ್, ಬಟಾಣಿ. ಅವರ ಕಡೆ ಚಳಿ ಕಳೆದು ಮಾರ್ಚ್, ಏಪ್ರಿಲ್ ಬಂದಾಗ ಬಿತ್ತುತ್ತಾರೆ. ಇಲ್ಲಿ ಆ ತಿಂಗಳಲ್ಲಿ ಕೋಸಿನ ಸಸಿ ಹಾಕಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿನ ಲೆಕ್ಕವೇ ಬೇರೆ. ಉತ್ತರೆ, ಹಸ್ತ ಮಳೆ ಹೊತ್ತಿಗೆ ಸಸಿ ಮಡಿ, ಡಿಸೆಂಬರ್, ಜನವರಿ ಚಳಿಗೆ ಗಡ್ಡೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಅಲ್ಲಿನ ವಸಂತದ ಬೆಳೆಗೆ ನಮ್ಮ ಚಳಿಗಾಲ ಒಗ್ಗಿತು. ತೋಟದ ಕೆಲಸಕ್ಕೆ ಹೆಸರಾದ ತಿಗಳರು ಊರ ಸುತ್ತ ಇದ್ದೇ ಇದ್ದರು.

ಬೆಳೆಯೇನೋ ಬಂತು, ಬೀಜ ಬರಲಿಲ್ಲ. ಎಲೆಕೋಸು ಹೂ ಬಿಡಬೇಕಾದರೆ ಗಿಡ ವಾರಗಟ್ಟಲೆ 10 ಡಿಗ್ರಿಗಿಂತ ಕಡಿಮೆ ಚಳಿ ಕಾಣಬೇಕು. ಬೆಂಗಳೂರಿನಲ್ಲಿ ಅಂಥ ಚಳಿ ಎಲ್ಲಿದೆ? ಕಾಶ್ಮೀರ, ಕುಲು ಕಣಿವೆಯಂಥ ಕಡೆಯಿಂದಲೋ ಹೊರದೇಶದಿಂದಲೋ ಬೀಜ ಬರಬೇಕು. ರಾಗಿ, ಅವರೆಯ ಬೀಜವನ್ನು ಮನೆಯಲ್ಲೇ ಎತ್ತಿಡುತ್ತಿದ್ದ ರೈತ ಕೋಸಿಗೆ ಮಾತ್ರ ಪ್ರತಿ ಸಲ ದುಡ್ಡು ಬಿಚ್ಚಬೇಕಾಯಿತು.

ಟೊಮೆಟೊಗೆ ಈ ತೊಂದರೆ ಇರಲಿಲ್ಲ, ಹಣ್ಣು ಹಿಂಡಿದರೆ ಬೀಜ. ಮನಮೋಹನ ಅತ್ತಾವರ 1965ರಲ್ಲಿ ಕಟ್ಟಿದ, ಬನಶಂಕರಿಯ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ಹೈಬ್ರಿಡ್ ಟೊಮೆಟೊ ಮತ್ತು ದಪ್ಪ ಮೆಣಸಿನಕಾಯಿಯನ್ನು ಹೊರತಂದಿತು. ಹೈಬ್ರಿಡ್‌ನಿಂದ ಇಳುವರಿ ಹೆಚ್ಚಿತು, ಅದು ಸುಳ್ಳಲ್ಲ. ಆದರೆ ಅದರ ಬೀಜ ಎತ್ತಿಟ್ಟು ಬಿತ್ತಿದರೆ ತಾಯಿಯಂಥ ಗಿಡ ಬರುವುದಿಲ್ಲ. ಕೋಸಿನಲ್ಲಿ ಹವಾಮಾನ ಮಾಡಿದ್ದನ್ನು ಇಲ್ಲಿ ತಳಿ ಮಾಡಿತು. ಇವತ್ತು ಜೆ.ಪಿ. ನಗರದ ತಾರಸಿ ತೋಟದವರೂ ಆನೇಕಲ್ಲಿನ ರೈತರೂ ಪ್ಯಾಕೆಟ್ಟನ್ನೇ ಹರಿಯುತ್ತಾರೆ.

ಸೀಮೆ ಬದನೆಗೆ ಮಾತ್ರ ಪ್ಯಾಕೆಟ್ ಬೇಡ. ಬಲಿತ ಕಾಯಿಯನ್ನು ಅಡುಗೆಮನೆ ಮೂಲೆಯಲ್ಲಿ ಮರೆತುಬಿಟ್ಟರೆ ತುದಿಯಲ್ಲೇ ಮೊಳಕೆ ಇಣುಕುತ್ತದೆ. ಇಡೀ ಕಾಯಿಯನ್ನೇ ಓರೆಯಾಗಿ ಮಣ್ಣಿಗಿಡಿ. ಚಪ್ಪರ ಗಟ್ಟಿ ಇರಲಿ, ಬಳ್ಳಿ ಭಾರ.