ಕಣ್ಣಿಗೆ ಒತ್ತುಂಟು, ಕಾಲಿಗಿಲ್ಲ

ಇಂಗ್ಲಿಷಿನ 'ಬಸ್' ನಮ್ಮ ಬಾಯಿಗೆ ಬಂದು 'ಬಸ್ಸು' ಆಯಿತು. 'ಕಾರ್' ಮಾತ್ರ 'ಕಾರು' ಎಂದಾಯಿತೇ ಹೊರತು 'ಕಾರ್ರು' ಆಗಲಿಲ್ಲ. ಪೆನ್ನು, ಪಿನ್ನು, ಕಪ್ಪು ಇವಕ್ಕೆ ಒತ್ತು ಬೇಕು; ಸೋಪು, ಗೇಟು, ಗ್ಲಾಸುಗಳಿಗೆ ಬೇಡ. ಇದನ್ನು ಯಾವ ಮಾಸ್ತರರೂ ನಮಗೆ ಹೇಳಿಕೊಟ್ಟದ್ದಲ್ಲ. ಶಾಲೆಯ ಮೆಟ್ಟಿಲು ಹತ್ತದ ಕಾಯಿಪಲ್ಲೆಯಾಕೆ ಕೂಡ ಈ ವಿಷಯದಲ್ಲಿ ಒಂದು ದಿನವೂ ತಪ್ಪುವುದಿಲ್ಲ.

ಇದು ಇಂಗ್ಲಿಷ್ ಬಂದ ಮೇಲೆ ಹತ್ತಿದ ಚಾಳಿಯೂ ಅಲ್ಲ. ಹಳಗನ್ನಡದ ಕಣ್, ಮಣ್, ಕಲ್, ಪಲ್ ಎಂಬ ಮಾತುಗಳು ಇಂದು ಕಣ್ಣು, ಮಣ್ಣು, ಕಲ್ಲು, ಹಲ್ಲು. ಆದರೆ ಕಾಲ್, ಪಾಲ್, ಮೀನ್, ತೇರ್ ಎಂಬವು ಕಾಲು, ಹಾಲು, ಮೀನು, ತೇರು. ಕೊನೆಯ ವ್ಯಂಜನ ಒಂಟಿಯಾಗಿ ನಿಲ್ಲಲಾರದೆ ಒಂದು 'ಉ'ಕಾರವನ್ನು ಆಸರೆಗೆ ಕರೆದುಕೊಂಡಿತು. ಅಷ್ಟೇ ಆಗಿದ್ದರೆ 'ಕಣ್' ಎಂಬುದು 'ಕಣು' ಆಗಿ, 'ಕ' ತನ್ನ ತೂಕ ಕಳೆದುಕೊಳ್ಳುತ್ತಿತ್ತು. ನಾಲಿಗೆ ಅದಕ್ಕೆ ಒಪ್ಪಲಿಲ್ಲ. ಣಕಾರವನ್ನು ಇಮ್ಮಡಿಸಿ ತೂಕ ಉಳಿಸಿಕೊಂಡಿತು. 'ಕಾಲ್' ಎಂಬಲ್ಲಿ ದೀರ್ಘಸ್ವರವೇ ತೂಕ ಹೊತ್ತಿದೆ, ಒತ್ತಿನ ಉಪಕಾರ ಅದಕ್ಕೇಕೆ? ಹಾಗೆಂದು ಕನ್ನಡಕ್ಕೆ ಹಗುರ ಅಕ್ಷರಗಳ ಮೇಲೆ ಸಿಟ್ಟಿಲ್ಲ. ಮನೆ, ಮಗು, ಹೊಲ ಎಲ್ಲವೂ ಹಗುರವೇ. ಮೊದಲಿಂದ ಭಾರವಾಗಿದ್ದದ್ದು ತನ್ನ ಭಾರ ಬಿಟ್ಟುಕೊಡುವುದಿಲ್ಲ, ಅಷ್ಟೆ.

ಈ ಭಾರ-ಹಗುರಗಳಿಗೆ ನಮ್ಮವರು ಇಟ್ಟ ಹೆಸರು ಗುರು-ಲಘು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಸಂಸ್ಕೃತದ ಪಿಂಗಳನಿಂದ ಬಂದ ಈ ಲೆಕ್ಕವನ್ನು ಕನ್ನಡಕ್ಕೆ ತಂದು, ಕನ್ನಡದ್ದೇ ಆದ ಮಟ್ಟುಗಳನ್ನೂ ಜೊತೆಗಿಟ್ಟು ಹೇಳಿದವನು ಒಂದನೆಯ ನಾಗವರ್ಮ. ಅವನ 'ಛಂದೋಂಬುಧಿ' ಸುಮಾರು ಕ್ರಿ.ಶ. 990ರದು. ಕಿಟೆಲ್ ಅದನ್ನು 1875ರಲ್ಲಿ ಮಂಗಳೂರಿನಿಂದ ಅಚ್ಚು ಹಾಕಿಸಿದರು. ನನಗೆ ಆ ಗ್ರಂಥದಲ್ಲಿ ಬಹಳ ಹಿಡಿಸಿದ ಸಂಗತಿಯೆಂದರೆ, ನಾಗವರ್ಮ ಅದನ್ನೆಲ್ಲ ತನ್ನ ಹೆಂಡತಿಗೆ ಹೇಳುವಂತೆ ಬರೆದಿರುವುದು! ಗಣಗಳ ನಡುವೆ ಅವಳನ್ನು ಕರೆಯುತ್ತಾನೆ, ರೂಪವನ್ನು ಹೊಗಳುತ್ತಾನೆ. ಆದರೆ ಆಕೆ ಏನು ಕೇಳಿದಳು, ಎಲ್ಲಿ ತಕರಾರು ತೆಗೆದಳು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಸಾವಿರ ವರ್ಷದಿಂದ ಆಕೆ ಸುಮ್ಮನೆ ಕೇಳುತ್ತ ಕೂತಿದ್ದಾಳೆ.

ಪಶ್ಚಿಮದ ವಿದ್ವಾಂಸರ ದಾರಿ ಬೇರೆ. 1968ರಲ್ಲಿ ಚಾಮ್‌ಸ್ಕಿ ಮತ್ತು ಹಾಲೆ ಇಂಗ್ಲಿಷ್ ಧ್ವನಿಗಳ ಮೇಲೆ ಬರೆದ ದೊಡ್ಡ ಗ್ರಂಥದಲ್ಲಿ ಅಕ್ಷರವೆಂಬ ಘಟಕಕ್ಕೆ ಸ್ಥಾನವೇ ಇರಲಿಲ್ಲ. ಸ್ವರ-ವ್ಯಂಜನಗಳ ಸಾಲು ಸಾಕೆಂದುಕೊಂಡರು. 1976ರಲ್ಲಿ ಡೇನಿಯಲ್ ಕಾನ್ ಅದನ್ನು ಮತ್ತೆ ಒಳಗೆ ಕರೆತಂದರು. ಮರುವರ್ಷ ಲಿಬರ್‌ಮನ್ ಮತ್ತು ಪ್ರಿನ್ಸ್, ಪದದಲ್ಲಿ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ ಎಂಬುದನ್ನು ಬಲ-ದುರ್ಬಲ ಜೋಡಿಗಳ ಲಯವಾಗಿ ಕಂಡರು. 1989ರಲ್ಲಿ ಬ್ರೂಸ್ ಹೇಸ್, ಒಂದು ಧ್ವನಿ ಉದುರಿದರೂ ಅದರ ತೂಕ ಉಳಿದು ಪಕ್ಕದ್ದಕ್ಕೆ ಸೇರಬಲ್ಲದೆಂದು 'ಮೋರ' ಎಂಬ ಅಳತೆಯಿಂದ ವಿವರಿಸಿದರು. ಮೋರ ಎಂದರೆ ಹೆಚ್ಚುಕಡಿಮೆ ನಮ್ಮ ಮಾತ್ರೆಯೇ.

ಇಂಗ್ಲಿಷಿಗೆ ಮಾತ್ರೆಗಿಂತ ಉಸಿರಿನ ಒತ್ತು ದೊಡ್ಡದು. 'ರೆಕಾರ್ಡ್' ಎಂಬುದನ್ನು ಮೊದಲಲ್ಲಿ ಒತ್ತಿದರೆ ದಾಖಲೆ, ಕೊನೆಯಲ್ಲಿ ಒತ್ತಿದರೆ ದಾಖಲಿಸು. ಕನ್ನಡದಲ್ಲಿ ಎಲ್ಲಿ ಒತ್ತಿ ಹೇಳಿದರೂ ಬಳೆ ಬಳೆಯೇ. ಎಳೆದರೆ ಮಾತ್ರ ಬಾಳೆಯಾದೀತು. ಕತೆಯ ತಕಾರ ತುಸು ತಡೆದು ನಿಂತರೆ ಕತ್ತೆಯಾದೀತು! ಬಿ.ಎಂ.ಶ್ರೀಯವರು 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಆ ಒತ್ತಿನ ನಡಿಗೆಯನ್ನು ಇಲ್ಲಿಗೆ ತರಲು ಮಾತ್ರೆಗಳ ಗುಂಪುಗಳನ್ನೇ ಹಿಡಿಯಬೇಕಾಯಿತು.

ಇವೆಲ್ಲಕ್ಕೂ ಹಳೆಯದು ನಮ್ಮ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ, ಅದು ಕಲ್ಲಿನ ಮೇಲೆ ಕೂತಿದೆ. ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಗಿಡ್ಡ, ಉಳಿದವು ಒಂದು ಅಂಶ ಉದ್ದ. ಇಲ್ಲಿ ಮಾತ್ರೆಯ ಲೆಕ್ಕ ನಡೆಯದು, ಅಂಶದ್ದು ನಡೆಯುತ್ತದೆ. ಒಂದೇ ಅಂಶದಲ್ಲಿ ಒಮ್ಮೆ ಲಘು ಬಂದೀತು, ಒಮ್ಮೆ ಗುರು. ಬೀಸುವ ಕಲ್ಲಿನ ಮುಂದೆ ಅದನ್ನು ಉಳಿಸಿಕೊಂಡು ಬಂದವರು ಹೆಂಗಸರು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದಾಗ ಓದುಬಲ್ಲವರು ಬೆರಗಾದರು. ಹಾಡಿದವರಿಗೆ ಅದರಲ್ಲಿ ಬೆರಗೇನಿತ್ತು?

ನಮ್ಮ ಆಯಿಗೆ ಸಹಿ ಮಾಡಲೂ ಬರುತ್ತಿರಲಿಲ್ಲ. ಕಾಲೇಜಿನ ರಜೆಯಲ್ಲಿ ಆಕೆಯ ಒಂದು ಹಾಡು ಬರೆದುಕೊಂಡು, ಮೇಲೆ ಗುರು-ಲಘು ಗುರುತು ಹಾಕಿ, ಎರಡನೆಯ ಸಾಲಿನಲ್ಲಿ ಒಂದು ಮಾತ್ರೆ ಕಡಿಮೆ ಬೀಳುತ್ತದಲ್ಲ, ಯಾಕೆ ಎಂದು ಕೇಳಿದೆ. ಆಯಿ ಮತ್ತೊಮ್ಮೆ ಆ ಸಾಲನ್ನು ಹಾಡಿದಳು. "ಎಲ್ಲಿ ಕಡಿಮಿ ಆತವ್ವಾ? ಅಲ್ಲಿ ನಾ ಎಳೀತೀನಲ್ಲ" ಎಂದು ಮೊರದತ್ತ ತಿರುಗಿಕೊಂಡಳು.